ಹೊಟ್ಟೆ ಉಬ್ಬರಕ್ಕೂ ಥೈರಾಯ್ಡ್ ಕ್ಯಾನ್ಸರ್‌ಗೂ ನಂಟಿದೆಯೇ?

ಬೆಳಿಗ್ಗೆ ಹಗುರವಾಗಿದ್ದ ಹೊಟ್ಟೆ ಸಂಜೆಯಾಗುವಷ್ಟರಲ್ಲಿ ತಮಟೆಯಂತೆ ಬಿಗಿದುಕೊಳ್ಳುತ್ತದೆ. ಸೊಂಟದ ಬಟ್ಟೆ ಒತ್ತುತ್ತದೆ, ತೇಗು ಬಂದರೂ ಹಾಯೆನಿಸದು. ಅದೇ ಹೊತ್ತಿಗೆ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕೆಲಸದ ಅಳತೆಗೋಲಾದ ಟಿಎಸ್‌ಎಚ್ ಏರುಪೇರು ಕಂಡಿತೆನ್ನಿ, ಇಲ್ಲವೇ ಸ್ಕ್ಯಾನಿಂಗ್ ಮಾಡಿದವರು ಕುತ್ತಿಗೆಯಲ್ಲೊಂದು ಸಣ್ಣ ಗಂಟಿದೆ ಎಂದರೆನ್ನಿ. ಮನಸ್ಸು ಎರಡನ್ನೂ ಗಂಟು ಹಾಕಿ ನೇರ ಕ್ಯಾನ್ಸರ್‌ವರೆಗೆ ಓಡಿಬಿಡುತ್ತದೆ.

ಮೊದಲು ಉತ್ತರ ಹೇಳಿಬಿಡೋಣ. ಹೊಟ್ಟೆ ಉಬ್ಬರ ಥೈರಾಯ್ಡ್ ಕ್ಯಾನ್ಸರ್‌ನ ಸಾಮಾನ್ಯ ಲಕ್ಷಣವಲ್ಲ. ಚಿಟ್ಟೆಯಾಕಾರದ ಥೈರಾಯ್ಡ್ ಗ್ರಂಥಿ ಇರುವುದು ಕುತ್ತಿಗೆಯ ಮುಂಭಾಗದಲ್ಲಿ. ಅಲ್ಲಿ ಬೆಳೆಯುವ ಗಡ್ಡೆ ಮೊದಲು ಸುಳಿವು ಕೊಡುವುದೂ ಅಲ್ಲಿಯೇ. ಆದರೆ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ಕರುಳಿನ ಚಲನೆ ನಿಧಾನವಾಗಿ, ಮಲಬದ್ಧತೆಯ ಜೊತೆಗೆ ಹೊಟ್ಟೆ ಉಬ್ಬರಿಸುವುದುಂಟು. ಅದು ಹಾರ್ಮೋನ್ ಕೊರತೆಯ ಕೆಲಸ, ಕ್ಯಾನ್ಸರ್‌ನದಲ್ಲ. ಆದ್ದರಿಂದ ಹೊಟ್ಟೆಯನ್ನು ಹೊಟ್ಟೆಯ ಲೆಕ್ಕದಲ್ಲಿ, ಕುತ್ತಿಗೆಯನ್ನು ಕುತ್ತಿಗೆಯ ಲೆಕ್ಕದಲ್ಲಿ ನೋಡುವುದು ಸರಿಯಾದ ದಾರಿ. ಅದರ ಹೆಜ್ಜೆಗಳು ಇಲ್ಲಿವೆ.

ಹೆಜ್ಜೆ 1: ಎರಡು ವಾರ ಬರೆದಿಡಿ

ಏನು ತಿಂದಿರಿ, ಎಷ್ಟು ಹೊತ್ತಿಗೆ ಹೊಟ್ಟೆ ಉಬ್ಬಿತು, ಮಲವಿಸರ್ಜನೆ ಸರಾಗವಾಯಿತೇ ಎಂಬ ಮೂರನ್ನೇ ಒಂದು ಪುಸ್ತಕದಲ್ಲಿ ಬರೆಯಿರಿ. ಅವರೆಕಾಳು, ಹುರುಳಿ, ಕಡಲೆ, ಎಲೆಕೋಸು, ಈರುಳ್ಳಿ ಹಲವರಿಗೆ ವಾಯು ಮಾಡುತ್ತವೆ. ಹಾಲಿನ ಸಕ್ಕರೆಯಂಶ ಜೀರ್ಣವಾಗದವರಿಗೆ ಒಂದು ಲೋಟ ಹಾಲೇ ಸಾಕು. ಸೋಡಾ, ಗಬಗಬನೆ ಊಟ, ರಾತ್ರಿ ತಡವಾಗಿ ಉಂಡು ಮಲಗುವುದು ಕೂಡ ಕಾರಣವಾಗಬಹುದು. ಅನುಮಾನ ಬಂದದ್ದನ್ನು ಒಂದೊಂದಾಗಿ ಬಿಟ್ಟು ನೋಡಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಕಾರಣವೆಂದು ಗೊತ್ತಾಗುವುದಿಲ್ಲ. ಹೆಂಗಸರು ಮುಟ್ಟಿನ ದಿನಗಳನ್ನೂ ಗುರುತು ಹಾಕಿಕೊಳ್ಳಲಿ.

ಹೆಜ್ಜೆ 2: ಕನ್ನಡಿ ಮುಂದೆ ಒಂದು ಗುಟುಕು ನೀರು

ಕನ್ನಡಿಯೆದುರು ನಿಂತು ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ. ಒಂದು ಗುಟುಕು ನೀರು ಕುಡಿಯುತ್ತಾ ಗಂಟಲಿನ ಕೆಳಭಾಗ, ಕೊರಳೆಲುಬಿನ ಮೇಲಿನ ಜಾಗ ನೋಡಿ. ನುಂಗುವಾಗ ಗಂಟೊಂದು ಮೇಲೆದ್ದು ಇಳಿದಂತೆ ಕಂಡರೆ ವೈದ್ಯರಿಗೆ ತೋರಿಸಿ. ಗಂಟಿಗೆ ನೋವಿಲ್ಲವೆಂದು ಸುಮ್ಮನಾಗಬೇಡಿ. ಥೈರಾಯ್ಡ್ ಕ್ಯಾನ್ಸರ್‌ನ ಗಂಟಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ. ಶೀತವಿಲ್ಲದೆ ವಾರಗಟ್ಟಲೆ ಗೊಗ್ಗರಾದ ಧ್ವನಿ, ನುಂಗಲು ಅಥವಾ ಉಸಿರಾಡಲು ಕಷ್ಟ, ಕುತ್ತಿಗೆಯ ಪಕ್ಕದಲ್ಲಿ ಕರಗದ ಗಡ್ಡೆ ಇವೂ ಗಮನಿಸಬೇಕಾದ ಲಕ್ಷಣಗಳು.

ಹೆಜ್ಜೆ 3: ಟಿಎಸ್‌ಎಚ್ ಹೇಳುವುದೇನು, ಹೇಳದ್ದೇನು?

ಉಬ್ಬರದ ಜೊತೆ ಮಲಬದ್ಧತೆ, ಸುಸ್ತು, ಚಳಿ ತಡೆಯಲಾಗದಿರುವುದು, ಒಣ ಚರ್ಮ, ತೂಕ ಏರುವುದು ಇದ್ದರೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದಿಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ತಿಳಿಸಿ, ಅದು ಕೆಲವು ಯಂತ್ರಗಳ ಫಲಿತಾಂಶವನ್ನು ತಪ್ಪಾಗಿಸಬಲ್ಲದು. ವಯಸ್ಕರಲ್ಲಿ ಸುಮಾರು 0.4ರಿಂದ 4ರವರೆಗಿನ ಅಂಕಿ ಸಹಜ. ಇದು ಹಾರ್ಮೋನಿನ ಲೆಕ್ಕ ಮಾತ್ರ ಎಂಬುದು ನೆನಪಿರಲಿ. ಟಿಎಸ್‌ಎಚ್ ಏರಿದೆ ಎಂದರೆ ಕ್ಯಾನ್ಸರ್ ಎಂದಲ್ಲ. ಥೈರಾಯ್ಡ್ ಕ್ಯಾನ್ಸರ್ ಇರುವ ಬಹುಪಾಲು ಮಂದಿಯಲ್ಲಿ ಅದು ಸಹಜವಾಗಿಯೇ ಇರುವುದರಿಂದ, ಅಂಕಿ ಸರಿ ಇದೆಯೆಂದು ಕೈಗೆ ಸಿಕ್ಕ ಗಂಟನ್ನು ಕಡೆಗಣಿಸಲೂಬಾರದು.

ಹೆಜ್ಜೆ 4: ಗಂಟಿದ್ದರೆ ಸ್ಕ್ಯಾನಿಂಗ್, ಬೇಕಿದ್ದರೆ ಸೂಜಿ ಪರೀಕ್ಷೆ

ಥೈರಾಯ್ಡ್ ಗಂಟುಗಳಲ್ಲಿ ನೂರಕ್ಕೆ ಸುಮಾರು 90 ನಿರಪಾಯಕಾರಿ. ಗಂಟಿನ ಗಾತ್ರ, ಅಂಚು, ಒಳಗಿನ ಸುಣ್ಣದ ಕಣಗಳನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿ, ಅನುಮಾನವಿದ್ದರೆ ತೆಳು ಸೂಜಿಯಿಂದ ಜೀವಕೋಶ ತೆಗೆದು ಪರೀಕ್ಷಿಸುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯ ಬೇಡ.

ಹಾಗೆಂದು ಹೊಟ್ಟೆ ಉಬ್ಬಿದ್ದಕ್ಕೆಲ್ಲ ಕುತ್ತಿಗೆಯ ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಡಿ. ದಕ್ಷಿಣ ಕೊರಿಯಾದಲ್ಲಿ ಲಕ್ಷಣವಿಲ್ಲದವರಿಗೂ ಥೈರಾಯ್ಡ್ ಅಲ್ಟ್ರಾಸೌಂಡ್ ಮಾಡುವುದು ರೂಢಿಯಾದ ಮೇಲೆ, 1993ಕ್ಕೆ ಹೋಲಿಸಿದರೆ 2011ರಲ್ಲಿ ಈ ಕ್ಯಾನ್ಸರ್ ಪತ್ತೆಯಾದ ಪ್ರಮಾಣ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಜೀವಮಾನವಿಡೀ ತೊಂದರೆ ಕೊಡದಿರಬಹುದಾಗಿದ್ದ ಪುಟ್ಟ ಗಂಟುಗಳಿಗಾಗಿ ಬಹಳಷ್ಟು ಜನ ಗ್ರಂಥಿಯನ್ನೇ ತೆಗೆಸಿಕೊಂಡರು.

ಹೆಜ್ಜೆ 5: ಈಗಾಗಲೇ ಚಿಕಿತ್ಸೆಯಲ್ಲಿದ್ದರೆ

ಥೈರಾಯ್ಡ್ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಹೊಟ್ಟೆ ಉಬ್ಬರಕ್ಕೆ ಬೇರೆ ಕಾರಣಗಳಿರುತ್ತವೆ. ಗ್ರಂಥಿ ಪೂರ್ತಿ ತೆಗೆದ ಮೇಲೆ ಅದರ ಹಾರ್ಮೋನಿನ ಬದಲಿಗೆ ಕೊಡುವ ಥೈರಾಕ್ಸಿನ್ ಮಾತ್ರೆ ಸಾಲದಿದ್ದರೆ ಕರುಳು ನಿಧಾನವಾಗುತ್ತದೆ. ರೇಡಿಯೋ ಅಯೋಡಿನ್ ಚಿಕಿತ್ಸೆಗೆ ಮುಂಚೆ ಮಾತ್ರೆ ನಿಲ್ಲಿಸಿದ ವಾರಗಳಲ್ಲೂ ಹೀಗಾಗಬಹುದು. ಮತ್ತೆ ಆರಂಭಿಸಿದ ಮೇಲೆ ಕ್ರಮೇಣ ಸರಿಹೋಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಕೊಡುವ ಕ್ಯಾಲ್ಸಿಯಂ ಮಾತ್ರೆಯಿಂದ ಮಲಬದ್ಧತೆ ಬರುವುದೂ ಸಾಮಾನ್ಯ.

ಥೈರಾಕ್ಸಿನ್ ಮಾತ್ರೆಯನ್ನು ಬರೀ ನೀರಿನೊಂದಿಗೆ, ತಿಂಡಿ ಮತ್ತು ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಹೊಟ್ಟೆ ಉಬ್ಬರಕ್ಕೆಂದು ನಿತ್ಯ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರು ವೈದ್ಯರಿಗೆ ಹೇಳಿ. ಆಮ್ಲ ತಗ್ಗಿಸುವ ಕೆಲವು ಮಾತ್ರೆಗಳು ಥೈರಾಕ್ಸಿನ್ ಹೀರಿಕೆಯನ್ನು ಕುಗ್ಗಿಸುತ್ತವೆ. ಆಗ ಹಾರ್ಮೋನ್ ಇನ್ನಷ್ಟು ಇಳಿದು, ಉಬ್ಬರ ಇನ್ನಷ್ಟು ಏರಬಹುದು. ಡೋಸ್ ಬದಲಾದರೆ 6ರಿಂದ 8 ವಾರಗಳ ನಂತರ ಮತ್ತೆ ಪರೀಕ್ಷೆ ಮಾಡಿಸಬೇಕು. ನೀವಾಗಿಯೇ ಡೋಸ್ ಹೆಚ್ಚು ಕಡಿಮೆ ಮಾಡಿಕೊಳ್ಳಬೇಡಿ.

ಹೆಜ್ಜೆ 6: ಅಪವಾದವೊಂದನ್ನು ತಿಳಿದಿರಿ

ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಅಪರೂಪದ್ದಾದ ಮೆಡ್ಯುಲರಿ ವಿಧಕ್ಕೆ ಮಾತ್ರ ಹೊಟ್ಟೆಯೊಂದಿಗೆ ನಿಜವಾದ ನಂಟಿದೆ. ಈ ಗಡ್ಡೆ ಸ್ರವಿಸುವ ಕ್ಯಾಲ್ಸಿಟೋನಿನ್ ಮುಂತಾದ ವಸ್ತುಗಳಿಂದ ಬಿಡದೆ ಭೇದಿಯಾಗಬಹುದು. ಮೆಡ್ಯುಲರಿ ಕ್ಯಾನ್ಸರ್ ತರುವ, ಇನ್ನೂ ಅಪರೂಪದ ಎಂಇಎನ್ 2ಬಿ ಎಂಬ ವಂಶವಾಹಿ ತೊಂದರೆಯಲ್ಲಿ ಕರುಳಿನ ನರಗಳೇ ವಿಕಾರವಾಗಿ ಬೆಳೆದು, ಶಿಶುವಾಗಿದ್ದಾಗಿನಿಂದ ಮಲಬದ್ಧತೆ, ಹೊಟ್ಟೆ ಉಬ್ಬರ ಇರುತ್ತದೆ. ತುಟಿ, ನಾಲಿಗೆಯ ಮೇಲೆ ಸಣ್ಣ ಗಂಟುಗಳು ಕಾಣುತ್ತವೆ. ಮನೆತನದಲ್ಲಿ ಮೆಡ್ಯುಲರಿ ಕ್ಯಾನ್ಸರ್ ಆಗಿದ್ದರೆ ಉಳಿದವರಿಗೆ ಈ ಕ್ಯಾನ್ಸರ್‌ಗೆ ಸಂಬಂಧಿಸಿದ ಆರ್‌ಇಟಿ ಜೀನ್ ಪರೀಕ್ಷೆಯ ಬಗ್ಗೆ ವೈದ್ಯರಲ್ಲಿ ಕೇಳಿ.

ಹೆಜ್ಜೆ 7: ಇವಿದ್ದರೆ ಕಾಯಬೇಡಿ

* ಐವತ್ತು ದಾಟಿದ ಮಹಿಳೆಯರಲ್ಲಿ ಹೊಸದಾಗಿ ಶುರುವಾಗಿ ಮತ್ತೆ ಮತ್ತೆ ಕಾಡುವ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು. ಇಲ್ಲಿ ಪರೀಕ್ಷಿಸಬೇಕಾದದ್ದು ಥೈರಾಯ್ಡ್ ಅಲ್ಲ, ಅಂಡಾಶಯ.
* ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ಕಪ್ಪು ಮಲ, ಕಾಮಾಲೆ.
* ಹೊಟ್ಟೆ ಉಬ್ಬಿ, ವಾಂತಿಯಾಗುತ್ತಾ, ಮಲವೂ ವಾಯುವೂ ಹೋಗದಿರುವುದು. ತಕ್ಷಣ ಆಸ್ಪತ್ರೆಗೆ ಹೋಗಿ.
* ಗ್ಯಾಸ್ ಎನಿಸಿದರೂ ಜೊತೆಗೆ ಎದೆ ಬಿಗಿತ, ಬೆವರು, ಎಡಗೈ ಅಥವಾ ದವಡೆಗೆ ಹಬ್ಬುವ ನೋವು. ಸೋಡಾ ಕುಡಿದು ಕಾಯದೆ ಕೂಡಲೇ ಇಸಿಜಿ ಮಾಡಿಸಿ.

ವೈದ್ಯರ ಬಳಿ ಹೋಗುವಾಗ ಎರಡು ವಾರ ಬರೆದ ಪುಸ್ತಕ, ಹಳೆಯ ವರದಿಗಳು, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ‘ನನಗೆ ಕ್ಯಾನ್ಸರ್ ಇರಬಹುದೇ?’ ಎಂಬ ಭಯವಿದ್ದರೆ ಅದನ್ನೂ ಬಾಯಿಬಿಟ್ಟು ಕೇಳಿ.