ಹೊಲಗೆಲಸದ ಹೆಂಗಸರ ಮಾನರಕ್ಷಣೆ: ರೈತರು ತಿಳಿದಿರಬೇಕಾದ ಸಂಗತಿಗಳು



ಶೇಂಗಾ ಬೀಜಕ್ಕೆ ಔಷಧಿ ಬೆರೆಸುವುದು, ಬದು ಹಾಕುವುದು, ಇಂಥ ವಿಷಯಗಳನ್ನೇ ಓದಿ ಅಭ್ಯಾಸವಾದ ನಿಮಗೆ ಈ ಪಾಠ ಹೊಸದಾಗಿ ಕಾಣಬಹುದು. ಆದರೆ ನಮ್ಮ ನಾಯಕನಹಟ್ಟಿ ಹೋಬಳಿಯಲ್ಲಿ ಕಳೆ ತೆಗೆಯುವುದೂ ಕಾಯಿ ಬಿಡಿಸುವುದೂ ಬಹುಮಟ್ಟಿಗೆ ಹೆಂಗಸರ ಕೈಯಿಂದಲೇ ಆಗತಕ್ಕ ಕೆಲಸ. ದಾರಿಯಲ್ಲಾಗಲಿ, ಕಣದಲ್ಲಾಗಲಿ, ಕೂಲಿ ಕೊಡುವ ಹೊತ್ತಿನಲ್ಲಾಗಲಿ ಅವರ ಮೈಮೇಲೆ ಕೈಹಾಕುವವರು ಇಲ್ಲವೆಂದು ಯಾರೂ ಆಣೆ ಮಾಡಿ ಹೇಳಲಾರರು.

ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯ ಒಂದು ಮೊಕದ್ದಮೆಯನ್ನು ನೋಡಿ. ದೊಡ್ಡ ಮನೆತನದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಬಡ ಹೆಂಗಸಿನ ಮೇಲೆ ಆ ಮನೆಯ ಮಗ, ಆಗ ಲೋಕಸಭೆಯ ಸದಸ್ಯನಾಗಿದ್ದ ಪ್ರಜ್ವಲ್ ರೇವಣ್ಣ, 2021ರಲ್ಲಿ ಬಲಾತ್ಕಾರ ಮಾಡಿದನೆಂಬುದು ಆರೋಪ. ಆಕೆ ದೂರು ಕೊಟ್ಟದ್ದು 2024ರಲ್ಲಿ. ಪೊಲೀಸರು ವಶಪಡಿಸಿಕೊಂಡ ಆಕೆಯ ಸೀರೆಯ ಮೇಲಿನ ಕಲೆ ಡಿ.ಎನ್.ಎ. ಪರೀಕ್ಷೆಯಲ್ಲಿ ಸಾಕ್ಷಿ ನುಡಿಯಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಅವನನ್ನು ಅಪರಾಧಿಯೆಂದು ತೀರ್ಮಾನಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಶಿಕ್ಷೆಯ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹೋಯಿತು. ಆಕೆಯ ಹೆಸರನ್ನು ಇಲ್ಲಿ ಬರೆದಿಲ್ಲ; ಬರೆಯುವುದು ಅಪರಾಧ. ಊರಿನಲ್ಲಿ ಬಾಯಿಂದ ಬಾಯಿಗೆ ಹೆಸರು ಹರಡುವವರೂ ಇದನ್ನು ಗಮನಿಸುವುದು ಒಳ್ಳೆಯದು.

ಮೂರು ವರ್ಷ ಕಳೆದ ಮೇಲೂ ದೂರು ನಿಂತಿತು. ಹಾಗೆಂದು ತಡಮಾಡಬಾರದು. ಉಟ್ಟ ಬಟ್ಟೆಯನ್ನು ಒಗೆಯಕೂಡದು. ಒಣಗಿಸಿ ಕಾಗದದ ಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಷ್ಟು ಹಿಡಿದು ಕೆಡುತ್ತದೆ. ಆದಷ್ಟು ಬೇಗ, ಸ್ನಾನಕ್ಕೆ ಮೊದಲೇ, ಆಸ್ಪತ್ರೆಗೆ ಕರೆದೊಯ್ಯಬೇಕು. ಸ್ನಾನ ಆಗಿಹೋಗಿದ್ದರೂ ಹೋಗಲೇಬೇಕು. ಪೊಲೀಸ್ ಕಾಗದ ತರಲಿಲ್ಲವೆಂದು ವೈದ್ಯರು ತಿರುಗಿ ಕಳಿಸುವಂತಿಲ್ಲ. ಖಾಸಗಿ ಆಸ್ಪತ್ರೆಯೂ ಪ್ರಥಮ ಚಿಕಿತ್ಸೆಯನ್ನು ಪುಕ್ಕಟೆ ಕೊಡಬೇಕು. ಆಕೆ ಒಪ್ಪದೆ ಪರೀಕ್ಷೆ ಮಾಡುವ ಹಾಗಿಲ್ಲ. ಎರಡು ಬೆರಳಿನ ಪರೀಕ್ಷೆಯನ್ನು ಮಾಡಕೂಡದೆಂದು ಸುಪ್ರೀಂ ಕೋರ್ಟು 2022ರಲ್ಲಿ ಖಂಡಿತವಾಗಿ ಹೇಳಿದೆ.

ಮೊಳಕಾಲ್ಮೂರು ಕಡೆಯ ಹೆಂಗಸರು ಗಡಿ ದಾಟಿ ರಾಯದುರ್ಗದ ಸೀಮೆಗೆ ಕೂಲಿಗೆ ಹೋಗುವುದುಂಟು. ಘಟನೆ ಅಲ್ಲಿ ನಡೆದರೂ ನಮ್ಮ ಠಾಣೆಯಲ್ಲಿಯೇ ದೂರು ಬರೆದುಕೊಳ್ಳಬೇಕು. "ಅದು ನಮ್ಮ ಎಲ್ಲೆಯಲ್ಲ" ಎನ್ನುವ ಮಾತು ಸಲ್ಲದು. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳತಕ್ಕದ್ದು. ಪ್ರತಿಯನ್ನು ಹಣವಿಲ್ಲದೆ ಕೊಡತಕ್ಕದ್ದು.

ಇನ್ನು ಕಟ್ಟೆಯ ಪಂಚಾಯ್ತಿ. ತಪ್ಪುಕಾಣಿಕೆ ಕಟ್ಟಿಸಿ, ಇಲ್ಲವೇ ಅವನಿಗೇ ಮದುವೆ ಮಾಡಿ ಮುಗಿಸೋಣವೆನ್ನುವ ಯಜಮಾನರು ಈಗಲೂ ಉಂಟು. ಬಲಾತ್ಕಾರದಲ್ಲಿ ರಾಜಿ ಕೂಡದೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ನನ್ನ ಅಭಿಪ್ರಾಯದಲ್ಲಿ ಇಂಥ ನ್ಯಾಯ ಆಕೆಗೆ ಎರಡನೆಯ ಏಟು. ಹದಿನೆಂಟು ತುಂಬದ ಮಗುವಿನ ವಿಷಯವಾದರಂತೂ, ತಿಳಿದೂ ಪೊಲೀಸರಿಗೆ ಹೇಳದೆ ಇದ್ದವರಿಗೇ ಶಿಕ್ಷೆಯುಂಟು.

ಮನೆಯ ಗಂಡಸರಿಗೆ ಒಂದು ಮಾತು. ಆಕೆ ಬಾಯಿಬಿಟ್ಟಾಗ "ನೀನು ಒಬ್ಬಳೇ ಯಾಕೆ ಹೋಗಿದ್ದೆ?" ಎಂದು ಕೇಳಬೇಡಿ. ಆ ಒಂದು ಪ್ರಶ್ನೆಗೆ ಹೆದರಿಯೇ ಎಷ್ಟೋ ಜನ ವರ್ಷಗಟ್ಟಲೆ ನುಂಗಿಕೊಂಡು, ನಿದ್ದೆ ಊಟ ಬಿಟ್ಟು ಸೊರಗುತ್ತಾರೆ. ಅದನ್ನು ಗಾಳಿ ಸೋಂಕೆಂದು ತಾಯಿತ ಕಟ್ಟಿಸುವುದಕ್ಕಿಂತ ಹತ್ತಿರ ಕುಳಿತು ಕೇಳುವುದು ಮೇಲು.

ಬಲಾತ್ಕಾರದವರೆಗೆ ಹೋಗದ ಕಿರುಕುಳವೂ ಅಪರಾಧವೇ. ಮಾನಭಂಗದ ಉದ್ದೇಶದಿಂದ ಮೈಮೇಲೆ ಕೈಹಾಕಿದವನಿಗೆ 1ರಿಂದ 5 ವರ್ಷ ಸೆರೆ. ಆಳು ಹತ್ತಕ್ಕಿಂತ ಕಡಿಮೆಯಿರುವ ಕಡೆ ಮೇಸ್ತ್ರಿಯಾಗಲಿ ಮಾಲೀಕನಾಗಲಿ ಪೀಡಿಸಿದರೆ, 2013ರ ಕಾಯಿದೆಯಂತೆ ಜಿಲ್ಲಾ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ಬರೆದುಕೊಡಬಹುದು. ಬರೆಯಲು ಬಾರದವರಿಗೆ ಸಮಿತಿಯವರೇ ನೆರವಾಗಬೇಕು. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ಚಳ್ಳಕೆರೆ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು. ದೂರವಾಣಿಯಲ್ಲಾದರೆ ಪೊಲೀಸರಿಗೆ 112, ಮಹಿಳಾ ಸಹಾಯವಾಣಿಗೆ 181, ಮಕ್ಕಳ ವಿಷಯಕ್ಕೆ 1098.