ಕ್ಷಮೆ ಕೇಳಿಸುವ ಮೊದಲು

ಸಾಸ್ವೆಹಳ್ಳಿಯ ತಾಯಿಯವರೇ,

ಬಿಸಿಯೂಟದ ಸಾಲಿನಲ್ಲಿ ನೂಕಾಟವಾಗಿ ಮೂರನೇ ಕ್ಲಾಸಿನ ನಿಮ್ಮ ಮಗ ಗೆಳೆಯನ ಕೈ ಕಚ್ಚಿದ, ಅವರ ಮನೆಯವರು ನಿಮ್ಮ ಬಾಗಿಲಿಗೇ ಜಗಳಕ್ಕೆ ಬಂದರು ಎಂದು ಬರೆದಿದ್ದೀರಿ. ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಇದನ್ನು ದೊಡ್ಡವರ ಜಗಳ ಮಾಡಬೇಡಿ. ಮಕ್ಕಳು ನಾಳೆಯೇ ಒಟ್ಟಿಗೆ ಲಗೋರಿ ಆಡುತ್ತಾರೆ. ಮನೆಯವರು ಮಾತು ಬಿಟ್ಟರೆ ವರ್ಷಗಟ್ಟಲೆ ಬಿಟ್ಟೇಬಿಡುತ್ತಾರೆ.

ಗದರಿಸಿ ಹೇಳಿಸಿದ ‘ಸಾರಿ’ಯಿಂದ ಪ್ರಯೋಜನವಿಲ್ಲ. ಕೋಪ ಇಳಿದ ಮೇಲೆ ಇಬ್ಬರನ್ನೂ ಎದುರುಬದುರು ಕೂರಿಸಲು ಟೀಚರ್‌ಗೆ ಹೇಳಿ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಕೇಳಿ, ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಆಮೇಲೆ ‘ಈಗೇನು ಮಾಡೋಣ?’ ಎಂದು ಅವರನ್ನೇ ಕೇಳಲಿ. ‘ಇವತ್ತು ಅವನು ಮುಂದೆ, ನಾಳೆ ನಾನು’ ಎಂಬಂಥ ಪರಿಹಾರ ಎಂಟು ವರ್ಷದವರಿಗೂ ಹೊಳೆಯುತ್ತದೆ. ಸಾಲಿನ ನಿಯಮವನ್ನು ಶಾಲಾ ಸಂಸತ್ತಿನಲ್ಲಿ ಮಕ್ಕಳೇ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಎರಡು ಬಾರಿಸಿ ಎಂದು ಮೇಷ್ಟ್ರಿಗೆ ಹೇಳಿದ್ದೀರಂತೆ. ಖಂಡಿತ ಬೇಡ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ.

ಒಂದೇ ಮಗು ದಿನಾ ಏಟು ತಿನ್ನುತ್ತಿದ್ದರೆ, ಜಾತಿ ಎತ್ತಿ ಹಂಗಿಸುತ್ತಿದ್ದರೆ ಮಾತ್ರ ರಾಜಿ ಮಾಡಿಸಕೂಡದು. ಮುಖ್ಯಶಿಕ್ಷಕರಿಗೆ, ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ತಿಳಿಸಿ; ಮಕ್ಕಳ ಸಹಾಯವಾಣಿ 1098 ಇದೆ.

ಇವತ್ತು ಸಂಜೆ ಮಗನನ್ನು ‘ಯಾಕೆ ಕಚ್ಚಿದೆ?’ ಎನ್ನಬೇಡಿ. ‘ಅದಕ್ಕೆ ಮುಂಚೆ ಏನಾಯ್ತಪ್ಪಾ?’ ಎಂದು ಕೇಳಿ.