ದೂರದಲ್ಲಿ ಓದುವವರಿಗಾಗಿ ಕೋರ್ಸ್ ಪ್ರಸ್ತಾವ ಬರೆಯುವ ಬಗೆ

ಕಾಲೇಜಿಗೆ ಹೊಸದಾಗಿ ಸೇರಿದ ಅಧ್ಯಾಪಕರಿಗೆ ಒಂದಲ್ಲ ಒಂದು ದಿನ ಈ ಕೆಲಸ ಬಂದೇ ಬರುತ್ತದೆ: ಹೊಸ ಕೋರ್ಸಿಗೆ ಪ್ರಸ್ತಾವ ಬರೆದುಕೊಡಿ, ದೂರಶಿಕ್ಷಣದ ಆಯ್ಕೆಯೂ ಇರಲಿ. ಹೆಚ್ಚಿನವರು ತರಗತಿಯ ಸಿಲಬಸ್ಸನ್ನೇ ತೆಗೆದುಕೊಂಡು ಕೊನೆಗೆ ‘ದೂರಶಿಕ್ಷಣದಲ್ಲೂ ಲಭ್ಯ’ ಎಂದು ಒಂದು ಸಾಲು ಸೇರಿಸುತ್ತಾರೆ. ಆ ಸಾಲಿನಿಂದ ಯಾರಿಗೂ ಪಾಠ ತಲುಪುವುದಿಲ್ಲ. ಕೆಲಸ ಮುಗಿಸಿ ಬಂದು, ರಾತ್ರಿ ಒಬ್ಬರೇ ಕೂತು ಓದುವವರಿಗೆ ಸಿಗುವ ಗಂಟೆಗಳೆಷ್ಟು, ಆ ಗಂಟೆಗಳಲ್ಲಿ ಅವರು ಮಾಡುವುದೇನು ಎಂಬಲ್ಲಿಂದಲೇ ಪ್ರಸ್ತಾವ ಶುರುವಾಗಬೇಕು.

ಅದಕ್ಕೂ ಮೊದಲು, ನಿಮ್ಮ ಸಂಸ್ಥೆ ಏನು ಮಾಡಬಹುದು ಎಂದು ತಿಳಿದುಕೊಳ್ಳಿ. ಮೈಸೂರು ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಶುರುವಾದ ಅಂಚೆ ತೆರಪಿನ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. ದೂರಶಿಕ್ಷಣದ ಪದವಿ ಕೊಡುವುದು ಹೀಗೆ ಯುಜಿಸಿ ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳ ಕೆಲಸ. ಸಂಯೋಜಿತ ಕಾಲೇಜು ತಾನಾಗಿಯೇ ಅದನ್ನು ಘೋಷಿಸುವಂತಿಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನಿನಂಥ ವಿಷಯಗಳಿಗಂತೂ 2020ರ ಯುಜಿಸಿ ನಿಯಮಾವಳಿಯಲ್ಲಿ ದೂರಶಿಕ್ಷಣದ ಅವಕಾಶವೇ ಇಲ್ಲ. ಕಾಲೇಜಿಗೆ ತೆರೆದಿರುವ ದಾರಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆ. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಮಾಡಿಸಬಹುದು. ವಿಶ್ವವಿದ್ಯಾಲಯದವರು ಬರೆಯುವ ಪ್ರಸ್ತಾವವೇ ಬೇರೆ, ಕಾಲೇಜಿನವರದೇ ಬೇರೆ. ನಿಮ್ಮದು ಯಾವುದೆಂದು ಮೊದಲ ಪುಟದಲ್ಲೇ ಹೇಳಿಬಿಡಿ.

ಈಗ ಗಂಟೆಗಳ ಲೆಕ್ಕಕ್ಕೆ ಬರೋಣ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 30 ಗಂಟೆಗಳ ಅಧ್ಯಯನ. ಹಳಗನ್ನಡ ಕಾವ್ಯಕ್ಕೆ ನಾಲ್ಕು ಕ್ರೆಡಿಟ್‌ನ ಕೋರ್ಸ್ ಮಾಡುತ್ತಿದ್ದೀರಿ ಎನ್ನಿ. 120 ಗಂಟೆ ಆಯಿತು. ತರಗತಿಯಲ್ಲಿ ಪಂಪನ ಪದ್ಯವನ್ನು ನೀವು ಗಟ್ಟಿಯಾಗಿ ಓದುತ್ತೀರಿ, ಸಂಧಿ ಬಿಡಿಸುತ್ತೀರಿ, ಅನ್ವಯ ಹೇಳುತ್ತೀರಿ, ಮಕ್ಕಳ ಮುಖ ನೋಡಿ ಇನ್ನೊಮ್ಮೆ ಹೇಳುತ್ತೀರಿ. ದೂರದಲ್ಲಿರುವವರ ಕೈಯಲ್ಲಿ ಇರುವುದು ಪುಸ್ತಕ ಮಾತ್ರ. ಹಾಗಾಗಿ ಪ್ರತಿ ಪದ್ಯಕ್ಕೂ ಓದಿನ ಧ್ವನಿಮುದ್ರಣ ಬೇಕು, ಪದವಿಭಾಗ ಬೇಕು, ಅನ್ವಯ ಬೇಕು. ಅದಾದ ಮೇಲೆ ‘ಈ ಪದ್ಯದಲ್ಲಿ ಮಾತಾಡುತ್ತಿರುವವರು ಯಾರು, ಯಾರೊಡನೆ?’ ಎಂಬಂಥ ಸಣ್ಣ ಪ್ರಶ್ನೆಯನ್ನೂ ಘಟಕದ ಕೊನೆಯಲ್ಲಿ ಅದರ ಉತ್ತರವನ್ನೂ ಕೊಡಬೇಕು. ತಾನು ಸರಿಯಾಗಿ ಅರ್ಥಮಾಡಿಕೊಂಡೆನೇ ಎಂದು ತಿಳಿಯಲು ಅವರಿಗೆ ಬೇರೆ ದಾರಿಯಿಲ್ಲ. ಗಂಟೆಗಳನ್ನು ನಾನಾದರೆ ಹೀಗೆ ಹಂಚುತ್ತೇನೆ: ಓದಿಗೆ 50, ಕೇಳುವುದಕ್ಕೆ 20, ಅಭ್ಯಾಸ ಮತ್ತು ಅಸೈನ್‌ಮೆಂಟಿಗೆ 30, ಸಂಪರ್ಕ ತರಗತಿಗೆ 12, ಪುನರಾವರ್ತನೆಗೆ 8. ಬೇರೆಯವರು ಬೇರೆ ರೀತಿ ಹಂಚಬಹುದು. ಆದರೆ ಈ ಲೆಕ್ಕ ಹಾಕದೆ ಸಿಲಬಸ್ ಬರೆಯಬಾರದು. ಬರೆದರೆ 200 ಗಂಟೆಯ ಓದನ್ನು 120ಕ್ಕೆ ತುರುಕಿ, ಆಮೇಲೆ ವಿದ್ಯಾರ್ಥಿಗಳು ಓದುವುದಿಲ್ಲ ಎಂದು ದೂರುವಂತಾಗುತ್ತದೆ.

ವಿಶ್ವವಿದ್ಯಾಲಯದ ಕಾರ್ಯಕ್ರಮವಾದರೆ ಯುಜಿಸಿ ಒಂದು ಯೋಜನಾ ವರದಿ ಕೇಳುತ್ತದೆ. ಉದ್ದೇಶ, ಕಲಿಯುವವರ ಸ್ವರೂಪ, ಬೋಧನಾ ವಿನ್ಯಾಸ, ಪ್ರವೇಶ ಮತ್ತು ಮೌಲ್ಯಮಾಪನ, ಪ್ರಯೋಗಾಲಯ, ಗ್ರಂಥಾಲಯ, ವೆಚ್ಚದ ಅಂದಾಜು, ಗುಣಮಟ್ಟದ ವ್ಯವಸ್ಥೆ, ಇವೆಲ್ಲ ಅದರಲ್ಲಿರಬೇಕು. ಇವುಗಳಲ್ಲಿ ಹೆಚ್ಚು ಹೊತ್ತು ಬೇಡುವುದು ಕಲಿಯುವವರ ಸ್ವರೂಪ. ‘ಆಸಕ್ತ ಪದವೀಧರರು’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಅವರು ಪ್ರಾಥಮಿಕ ಶಾಲೆಯ ಶಿಕ್ಷಕರೇ, ಓದು ನಿಲ್ಲಿಸಿದ್ದ ಗೃಹಿಣಿಯರೇ, ಊರಿನಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಎಂದು ಬರೆದರೆ, ಅಚ್ಚಿನ ಪುಸ್ತಕ ಕೊಡಬೇಕೋ ವಿಡಿಯೊ ಸಾಕೋ ಎಂಬ ನಿರ್ಧಾರ ತಾನಾಗಿ ಬರುತ್ತದೆ. ಮೌಲ್ಯಮಾಪನದಲ್ಲಿ ಆಂತರಿಕ ಅಂಕ ಹೆಚ್ಚೆಂದರೆ ಶೇ. 30, ಉಳಿದದ್ದು ಸೆಮಿಸ್ಟರ್ ಪರೀಕ್ಷೆಗೆ.

ಕಾಲೇಜಿನ ಪ್ರಸ್ತಾವದಲ್ಲಿ ಬರವಣಿಗೆ ಕಡಿಮೆ, ಹೊಂದಾಣಿಕೆ ಹೆಚ್ಚು. ಸ್ವಯಂ ಕೋರ್ಸಿನಲ್ಲಿ ವಿಡಿಯೊ ಪಾಠ, ಓದುವ ಸಾಮಗ್ರಿ, ಪರೀಕ್ಷೆ, ಚರ್ಚೆ ಈ ನಾಲ್ಕೂ ಮೊದಲೇ ಸಿದ್ಧವಿರುತ್ತವೆ. ನೀವು ಅದನ್ನು ಕೂತು ನೋಡಿ, ನಿಮ್ಮ ಪಠ್ಯಕ್ಕೆ ಎಷ್ಟು ಹೊಂದುತ್ತದೆ ಎಂದು ಅಧ್ಯಯನ ಮಂಡಳಿಗೆ ತಿಳಿಸಬೇಕು. ವಿದ್ಯಾರ್ಥಿಗಳ ಸಂದೇಹ ಪರಿಹರಿಸಲು ವಿಭಾಗದ ಒಬ್ಬ ಅಧ್ಯಾಪಕರನ್ನು ಗೊತ್ತುಮಾಡಿ, ಆ ಕೆಲಸವನ್ನು ಅವರ ವೇಳಾಪಟ್ಟಿಯಲ್ಲೇ ಸೇರಿಸಿ.

ಕ್ರೆಡಿಟ್‌ಗಳ ವಿಷಯವನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಸ್ವಯಂ ವೇದಿಕೆಯಲ್ಲಿ ಸಿಗುವ ಎನ್‌ಪಿಟಿಇಎಲ್‌ನ 12 ವಾರಗಳ ಕೋರ್ಸಿಗೆ ಸಾಮಾನ್ಯವಾಗಿ 3 ಕ್ರೆಡಿಟ್, 8 ವಾರದ್ದಕ್ಕೆ 2. ನಿಮ್ಮ ಪಠ್ಯರಚನೆಯಲ್ಲಿ ಆ ಜಾಗಕ್ಕೆ 4 ಕ್ರೆಡಿಟ್ ಇದ್ದರೆ, ಉಳಿದದ್ದನ್ನು ಯೋಜನಾ ಕಾರ್ಯದಿಂದ ತುಂಬುತ್ತೀರೋ ಸೆಮಿನಾರಿನಿಂದಲೋ ಎಂದು ಅಧ್ಯಯನ ಮಂಡಳಿಯ ನಡಾವಳಿಯಲ್ಲೇ ಬರೆಸಿ, ಪರೀಕ್ಷಾ ವಿಭಾಗಕ್ಕೆ ಅದರ ಪ್ರತಿ ಕಳಿಸಿ.